ನಾಲ್ಕನೆಯ ತಕ್ಬೀರ್

ಅಬ್ಬಾನ ಜಾನಮಾಜನ್ನು ಮೊನ್ನೆ ಒಗೆಯಲು ತೆಗೆದೆ. ನಮಾಜಿಗೆ ಹಾಸಿಕೊಳ್ಳುವ ಬಟ್ಟೆ ಅದು. ಕಡುಗೆಂಪು ಮಖಮಲ್ಲಿನ ಮೇಲೆ ಕಮಾನು, ಮಿನಾರು, ಸುತ್ತ ಬಳ್ಳಿ. ಇಂಥದರಲ್ಲಿ ಮೊದಲು ಸವೆಯುವುದು ಹಣೆ ತಾಗುವ ಜಾಗ, ಆಮೇಲೆ ಮೊಣಕಾಲು ಊರುವ ಜಾಗ. ಇದರ ಮಖಮಲ್ಲು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಸವೆದು ದಾರ ಬಿಟ್ಟಿರುವುದು ಹಿಂಬದಿ. ಅಬ್ಬಾ ಅದನ್ನು ಮಗುಚಿ ಹಾಸುತ್ತಿದ್ದರು. ಚಿತ್ರ ಕಂಡರೆ ಕಣ್ಣು ಆ ಕಮಾನಿನೊಳಗೆ ಹೊಕ್ಕು ಒಳಗೆ ಯಾರಿದ್ದಾರೆ ಎಂದು ಹುಡುಕುತ್ತದೆ, ಹೋದ ಕಣ್ಣು ನಮಾಜಿನ ಕೊನೆಗೆ ಎಡಬಲ ತಿರುಗಿ ಸಲಾಂ ಕೊಡುವ ಹೊತ್ತಿಗೂ ವಾಪಸು ಬರುವುದಿಲ್ಲ ಎಂದು ಅವರ ದೂರು.

ಕಣ್ಣಿಗೆ ಇಷ್ಟು ಕಾವಲು ಹಾಕಿದ ಮನುಷ್ಯನಿಂದ ಮೂಗಿಗೆ ಏನೂ ಮಾಡಲಾಗಲಿಲ್ಲ. ಅದನ್ನು ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ತೊಂದರೆ ಏನೆಂದು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಸ್ವಭಾವಕ್ಕೆ ತಕ್ಕಂತೆ ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಹೇಳದೆಯೇ ಉಳಿದುಬಿಡಬಹುದು. ಅಬ್ಬಾನ ಮಯ್ಯತ್ತಿನ ನಮಾಜನ್ನು ಮುಂದೆ ನಿಂತು ನಡೆಸಿದವನು ನಾನು. ಸತ್ತವರಿಗಾಗಿ ಓದುವ ಆ ನಮಾಜಿನಲ್ಲಿ ಬಾಗುವುದಿಲ್ಲ, ಹಣೆ ನೆಲಕ್ಕಿಡುವುದಿಲ್ಲ. ನಿಂತಲ್ಲೇ ನಿಂತು ನಾಲ್ಕು ಸಲ ‘ಅಲ್ಲಾಹು ಅಕ್ಬರ್’ ಎಂದು ತಕ್ಬೀರ್ ಹೇಳಿ ಮುಗಿಸುವುದು. ಐದು ನಿಮಿಷ ಹಿಡಿಯುವುದಿಲ್ಲ. ನಾನು ನಾಲ್ಕು ಹೇಳಿದೆನೋ ಮೂರಕ್ಕೇ ಮುಗಿಸಿದೆನೋ ನನಗೆ ಗೊತ್ತಿಲ್ಲ. ಮೂರಾದರೆ ಅದು ನಮಾಜೇ ಅಲ್ಲ. ಅಬ್ಬಾನನ್ನು ನಮಾಜಿಲ್ಲದೆ ಹೂತಂತೆ.

ಅಬ್ಬಾ ಗುಂಡ್ಲುಪೇಟೆಯವರು. ಮಸಿನಗುಡಿಯ ಘಾಟಿ ಹತ್ತಿ ಊಟಿ ಕಡೆಯ ಈ ಬೆಟ್ಟಕ್ಕೆ ಬಂದು, ಕಟ್ಟಬೆಟ್ಟಿನ ಹತ್ತಿರದ ಒಂದು ಸಣ್ಣ ಟೀ ಫ್ಯಾಕ್ಟರಿಯಲ್ಲಿ ಮೊದಲು ಸೊಪ್ಪು ಇಳಿಸುವ ಆಳಾಗಿ, ಕೊನೆಗೆ ಟೀ ಮೇಕರ್ ಆದರು. ಊರಿನ ಬಾಯಲ್ಲಿ ಅವರ ಹೆಸರೇ ಮೇಕರ್ ಬಾಯ್. ಟೀ ಮೇಕರ್‌ನ ಕೆಲಸವೆಲ್ಲ ಮೂಗಿನದು. ಅರೆದ ಸೊಪ್ಪನ್ನು ನೆಲದ ಮೇಲೆ ಹರಡಿ ಹುದುಗಲು ಬಿಡುತ್ತಾರೆ. ಮೊದಲು ಹಸಿ ಹುಲ್ಲಿನ ವಾಸನೆ. ಬರಬರುತ್ತಾ ಅದು ಹೋಗಿ, ಹಣ್ಣಾಗುತ್ತಿರುವ ಸೇಬಿನ ಬುಟ್ಟಿಗೆ ಮುಖವಿಟ್ಟಂತೆ ಒಂದು ವಾಸನೆ ಏಳುತ್ತದೆ. ಆ ಕ್ಷಣದಲ್ಲಿ ಎತ್ತಿ ಒಣಗಿಸುವ ಯಂತ್ರಕ್ಕೆ ಹಾಕಬೇಕು. ಸ್ವಲ್ಪ ತಡವಾದರೆ ಹುಳಿ. ಗಡಿಯಾರ ನೋಡಿ ಹೇಳುವಂತಿಲ್ಲ. ಮಂಜಿನ ದಿನ ಒಂದು ಲೆಕ್ಕ, ಬಿಸಿಲಿನ ದಿನ ಇನ್ನೊಂದು.

ಈ ಕ್ಷಣ ದಿನಾ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೇ ಬರುತ್ತಿತ್ತು. ಅಬ್ಬಾ ಸೊಪ್ಪು ಬಾಡಿಸುವ ತೊಟ್ಟಿಗಳ ಪಕ್ಕದ ಮೂಲೆಯಲ್ಲಿ ಜಾನಮಾಜ್ ಮಗುಚಿ ಹಾಸಿ ನಿಲ್ಲುತ್ತಿದ್ದರು. ಕಣ್ಣು ನೆಲಕ್ಕೆ, ಕೈ ಹೊಟ್ಟೆಯ ಮೇಲೆ, ಬಾಯಲ್ಲಿ ಕುರಾನಿನ ಸೂರಾ. ಮೂಗು ಮಾತ್ರ ಮೂವತ್ತು ಅಡಿ ಆಚೆ ಹುದುಗುವ ಕೋಣೆಯಲ್ಲಿ. ಎಷ್ಟೋ ಸಲ ಸಲಾಂ ಕೊಟ್ಟವರು ಕೈಯೆತ್ತಿ ದುಆ ಕೇಳುವ ಬದಲು ಹಾಗೇ ಎದ್ದು, ಟೋಪಿ ಸರಿಮಾಡಿಕೊಳ್ಳುತ್ತಾ ಓಡಿ, “ಎತ್ತಿ, ಎತ್ತಿ” ಎನ್ನುತ್ತಿದ್ದರು. ಕಸ ಆರಿಸುವ ಪಾಪಾತಿ ಅಕ್ಕ ದಿನಾ ಒಂದೇ ತಮಾಷೆ ಮಾಡುತ್ತಿದ್ದಳು. “ಬಾಯ್ ತೊಳುಗೈ ಮುಡಿಂಜಾಚ್ಚು, ಟೀ ವೆಂದಾಚ್ಚು.” ಬಾಯ್ ನಮಾಜು ಮುಗಿಯಿತು, ಟೀ ಬೆಂದಿತು. ಎಲ್ಲರೂ ನಗುತ್ತಿದ್ದರು. ಅಬ್ಬಾ ನಗುತ್ತಿದ್ದರೋ ಇಲ್ಲವೋ ನೆನಪಿಲ್ಲ. ನಗುತ್ತಿದ್ದರು ಎಂದು ಬರೆಯಲು ಹೊರಟಿದ್ದೆ. ಬರೆದರೆ ಚೆನ್ನಾಗಿರುತ್ತದೆ ಎಂಬುದು ಬಿಟ್ಟು ಅದಕ್ಕೆ ಬೇರೆ ಆಧಾರವಿಲ್ಲ.

ನೆನಪಿನ ವಿಷಯದಲ್ಲಿ ನಾನು ಹೀಗೆ ಅನುಮಾನಪಡುವುದಕ್ಕೆ ಹೊಟ್ಟೆಪಾಡೂ ಕಾರಣ. ಊಟಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಒಬ್ಬ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ವರ್ಷಕ್ಕೊಮ್ಮೆ ಹೊಸ ಮಕ್ಕಳಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಒಂದು ಉದಾಹರಣೆ ಕೇಳಿ. ಚಿಕ್ಕಂದಿನಲ್ಲಿ ಜುಮ್ಮಾ ನಮಾಜಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ನಿಲ್ಲುತ್ತಿದ್ದ. ಈ ಊರಿನಲ್ಲಿ ಎಲ್ಲರ ಬೆನ್ನೂ ಸ್ವೆಟರಿನದೇ. ಅವನ ಸ್ವೆಟರಿನ ಬೆನ್ನ ತುಂಬ ಜಿಂಕೆಗಳು, ಒಂದರ ಹಿಂದೆ ಒಂದು ಓಡುತ್ತಿದ್ದವು. ನಾನು ಎಣಿಸಿದೆ. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅಬ್ಬಾ ಕೇಳಿದರು.

“ಎಷ್ಟಿದ್ದವು?”

“ಹದಿನೇಳು,” ಎಂದೆ ತಲೆ ತಗ್ಗಿಸಿ.

“ಕಂಕುಳ ಹತ್ತಿರ ಅರ್ಧ ಜಿಂಕೆ ಇದೆಯಲ್ಲ, ಅದನ್ನೂ ಸೇರಿಸಿದೆಯಾ? ನನಗೆ ಹದಿನಾರೇ ಸಿಕ್ಕಿತು.”

ಇದನ್ನು ನಾನು ಹತ್ತಾರು ಜನಕ್ಕೆ ಹೇಳಿ ನಗಿಸಿದ್ದೇನೆ. ಹೋದ ವರ್ಷ ಗುಂಡ್ಲುಪೇಟೆಯಲ್ಲಿ ದೊಡ್ಡಪ್ಪನ ಮಗ ಸಲೀಮನ ಮುಂದೆ ಹೇಳಿದಾಗ ಅವನು ಎಲೆಯಡಿಕೆ ಉಗಿದು ಬಂದು ಹೇಳಿದ: “ಅದು ನಿಂಗಾಗಿದ್ದಲ್ಲ ಕಣೋ, ನಂಗಾಗಿದ್ದು. ರಜಕ್ಕೆ ಬಂದಿದ್ದೆ. ನೀನು ಆ ದಿನ ಜ್ವರ ಅಂತ ಮನೇಲಿ ಮಲಗಿದ್ದೆ.” ಇರಬಹುದು. ಆದರೂ ಆ ಅರ್ಧ ಜಿಂಕೆ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇಂಥ ಮಗನನ್ನು ಅಬ್ಬಾ ಏಕಾಗ್ರತೆಯ ಮೂರ್ತಿ ಎಂದು ತಿಳಿದಿದ್ದರು ಎಂಬುದೇ ಈ ಕತೆಯ ಗ್ರಹಚಾರ. ಮೈಸೂರಿನಲ್ಲಿ ಎಂ.ಎ. ಓದುವಾಗ ರಜಕ್ಕೆ ಬಂದರೆ ಕಿಟಕಿಯ ಪಕ್ಕ ಪುಸ್ತಕ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದೆ. ಕರೆದರೂ ಕೇಳುತ್ತಿರಲಿಲ್ಲ. ಪುಸ್ತಕದಲ್ಲಿ ಮುಳುಗಿದ್ದೇನೆ ಎಂದು ಅಬ್ಬಾ ತಿಳಿದರು. ನಾನು ಎಷ್ಟೋ ಸಲ ಒಂದೇ ಪುಟವನ್ನು ತಿರುವದೆ, ಆಚೆ ಗುಡ್ಡದಲ್ಲಿ ಸೊಪ್ಪು ಕೀಳುವ ಹೆಂಗಸರ ಮಾತಿಗೆ ಕಿವಿಕೊಟ್ಟಿರುತ್ತಿದ್ದೆ. ಹೇಳಲಿಲ್ಲ. ಮಗನ ಬಗ್ಗೆ ತಂದೆ ಒಂದು ಒಳ್ಳೆಯ ತಪ್ಪು ತಿಳಿದುಕೊಂಡಾಗ ತಿದ್ದುವವರು ಯಾರು?

ಕೊನೆಯ ತಿಂಗಳಲ್ಲಿ ಉಸಿರು ಹಿಡಿದು ಹಿಡಿದು ಬರುತ್ತಿದ್ದಾಗ ಅವರು ಹಜರತ್ತರನ್ನು ಕರೆಸಿಕೊಂಡರು. ಹಜರತ್ತರೆಂದರೆ ನಮ್ಮ ಮಸೀದಿಯ ಇಮಾಮರು, ವಾಣಿಯಂಬಾಡಿ ಕಡೆಯವರು, ಅಬ್ಬಾಗಿಂತ ಸ್ವಲ್ಪ ಚಿಕ್ಕವರು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು; ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ನನ್ನ ಮಯ್ಯತ್ತಿಗೆ ಮಗನೇ ಮುಂದೆ ನಿಲ್ಲಲಿ,” ಎಂದರು ಅಬ್ಬಾ.

“ಹಕ್ಕು ಅವನದೇ. ಯಾಕೆ, ನನ್ನ ನಮಾಜು ಸಾಲದೇನು?” ಎಂದರು ಹಜರತ್ತರು ನಗೆಯಾಡುತ್ತಾ.

“ನಿಮ್ಮದು ಸಾಲುತ್ತೆ. ಆದರೆ ನನ್ನ ಬದುಕಿನ ನಮಾಜೆಲ್ಲ ಸೊಪ್ಪಿನಲ್ಲೇ ಹೋಯಿತು, ಮಿಯಾ. ಒಂದು ಅಸರ್ ಆದರೂ ಪೂರ್ತಿ ನಾನು ನಿಂತ ಕಡೆ ಇರಲಿಲ್ಲ. ಅವನು ಓದಿದವನು. ಅವನ ಮನಸ್ಸು ನಿಲ್ಲುತ್ತೆ. ಕೊನೇದಾದರೂ ಒಂದು ಸರಿಯಾಗಿ ಆಗಲಿ.”

ನಾನು ಬಾಗಿಲಲ್ಲಿ ನಿಂತಿದ್ದೆ. ಆಗ ಬಾಯಿ ಬಿಡಬಹುದಿತ್ತು.

ಅಬ್ಬಾ ತೀರಿಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಮಸೀದಿಯ ಪಕ್ಕದ ಬಯಲಿನಲ್ಲಿ ಅಸರ್ ಮುಗಿದ ಮೇಲೆ ಮಯ್ಯತ್ತನ್ನು ಇಟ್ಟರು. ಮಂಜು ಹತ್ತಿತ್ತು, ಹಿಂದಿನ ಸಾಲಿನವರು ನೆರಳುಗಳಂತೆ ಕಾಣುತ್ತಿದ್ದರು. ನನ್ನ ಹಿಂದೆ ಮೊದಲ ಸಾಲಿನಲ್ಲಿ ಹಜರತ್ತರು, ಸಲೀಂ, ನೆಂಟರು. ಸಾಲುಗಳ ಆಚೆ, ಸೊಪ್ಪು ತೂಗುವ ಶೆಡ್ಡಿನ ಕಟ್ಟೆಯ ಮೇಲೆ ಜೋಗಿ ಗೌಡರು ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಜೋಗಿ ಗೌಡರು ಪಕ್ಕದ ಹಟ್ಟಿಯವರು, ಈ ಬೆಟ್ಟದ ಬಡಗ ಜನ. ಅರ್ಧ ಎಕರೆ ಸೊಪ್ಪಿನಿಂದ ಶುರುಮಾಡಿ ಬಹಳ ವರ್ಷ ಅಬ್ಬಾನ ಫ್ಯಾಕ್ಟರಿಗೆ ಸೊಪ್ಪು ಹಾಕಿದವರು, ಅದು ಒರಟು, ಇದು ಎಳೆ ಎಂದು ಬಹಳ ವರ್ಷ ಅಬ್ಬಾನ ಜೊತೆ ಜಗಳವಾಡಿದವರು.

ಮೊದಲ ತಕ್ಬೀರ್ ಹೇಳಿದೆ, ಸ್ತುತಿ ಓದಿದೆ. ಎರಡನೆಯದು ಹೇಳಿದೆ, ಪ್ರವಾದಿಗಳಿಗೆ ಶುಭ ಕೋರುವ ದುರೂದ್ ಓದಿದೆ. ಮೂರನೆಯದರ ನಂತರ ಸತ್ತವರಿಗಾಗಿ ದುಆ ಕೇಳಬೇಕು. ದುರೂದಿನ ನಡುವೆಯೋ ಅದು ಮುಗಿಯುತ್ತಿದ್ದಾಗಲೋ ಕಣಿವೆಯಿಂದ ಗಾಳಿ ಎದ್ದಿತು. ಫ್ಯಾಕ್ಟರಿಯ ಗಾಳಿ. ಸೇಬಿನ ವಾಸನೆ ದಾಟಿ, ಅದರ ಹಿಂದೆಯೇ ಹುಳಿ ಬರುತ್ತಿತ್ತು. ಹೊಸ ಮೇಕರ್ ತಡಮಾಡಿದ, ಎತ್ತಬೇಕಿತ್ತು ಎಂದುಕೊಂಡೆ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಅಬ್ಬಾಗೆ ಈ ವಾಸನೆ ಸಿಕ್ಕಿರಬಹುದೇ ಎಂದುಕೊಂಡೆ. ಹೆಣದ ಮೂಗಿಗೆ ಹತ್ತಿ ಇಟ್ಟದ್ದು ನಾನೇ ಎಂಬುದು ನೆನಪಾಯಿತು. ಮುಂದೆ ನನಗೆ ಗೊತ್ತಿರುವುದು, ನಾನು ಬಲಕ್ಕೆ ತಿರುಗಿ ಸಲಾಂ ಕೊಡುತ್ತಿದ್ದೆ. ಜನ ಡೋಲಿಗೆ ಹೆಗಲು ಕೊಡಲು ನುಗ್ಗಿದರು.

ಆ ಹೊತ್ತಿನಲ್ಲಿ ನನಗೆ ಯಾವ ಅನುಮಾನವೂ ಬರಲಿಲ್ಲ. ಸಂಜೆ ಡೈರಿಯಲ್ಲಿ ಬರೆದೆ: ‘ನಾಲ್ಕು ತಕ್ಬೀರ್ ಹೇಳಿ ನಮಾಜು ನಡೆಸಿದೆ.’ ಅಂದೇ ಬರೆದ, ಕಣ್ಣಾರೆ ಕಂಡವನೇ ಬರೆದ ದಾಖಲೆ. ತರಗತಿಯಲ್ಲಿ ಇದಕ್ಕಿಂತ ಗಟ್ಟಿ ಆಧಾರ ಬೇಡ ಎನ್ನುತ್ತೇನೆ. ಆದರೆ ಈ ಲೇಖಕನ ಪರಿಚಯ ನನಗಿದೆ. ಮೈಸೂರಿನ ಹಾಸ್ಟೆಲಿನ ದಿನಗಳ ಡೈರಿಯಲ್ಲಿ ಇವನು ‘ಐದೂ ಹೊತ್ತು ನಮಾಜು ಆಯಿತು’ ಎಂದು ತಿಂಗಳುಗಟ್ಟಲೆ ಬರೆದಿದ್ದಾನೆ. ಆ ತಿಂಗಳುಗಳಲ್ಲಿ ಇವನು ಬೆಳಗಿನ ನಮಾಜಿಗೆ ಎಷ್ಟು ದಿನ ಎದ್ದಿದ್ದ ಎಂಬುದು ಇವನ ರೂಮಿನವನಿಗೆ ಗೊತ್ತು. ಆಗಬೇಕಾದ್ದನ್ನು ಆಯಿತು ಎಂದು ಬರೆಯುವ ಕೈ ಅದು.

ಎರಡು ದಿನ ಬಿಟ್ಟು, ಗುರುವಾರ ಬೆಳಿಗ್ಗೆ ಜೋಗಿ ಗೌಡರು ಮನೆಗೆ ಬಂದರು. ಒಂದು ಚೀಲ ಬೀನ್ಸು, ಎರಡು ಎಲೆಕೋಸು ಬಾಗಿಲಲ್ಲಿ ಇಟ್ಟು ಕೂತರು. ಅಬ್ಬಾನ ಬಗ್ಗೆ ಅದೂ ಇದೂ ಮಾತಾಡಿದರು. ಟೀ ಕುಡಿದು ಲೋಟ ಕೆಳಗಿಟ್ಟು ಕೇಳಿದರು.

“ತಮ್ಮ, ನಾ ಒಂದು ಕೇಳಲಾ? ಕೋಪ ಮಾಡಬಾರದು.”

“ಕೇಳಿ ಗೌಡರೆ.”

“ನಿನ್ನ ದೊಡ್ಡಪ್ಪ ಇಲ್ಲಿ ಸತ್ತಾಗ ಹಜರತ್ತು ನಾಕು ತಡವೆ ಕೂಗಿದ. ನಾ ಎಣಿಸಿದೆ. ಮೇಕರ್ ಬಾಯ್‌ಗ ನೀ ಮೂರು ತಡವೆ ಕೂಗಿದೆ. ಅವ ನನ್ನ ಸೊಪ್ಪ ಒರಟು ಒರಟು ಅಂತ ತಳ್ಳಿದ್ದಕ್ಕ ಒಂದು ಕಮ್ಮಿಯಾ?”

ಅವರು ನಕ್ಕರು. ನಾನೂ ನಕ್ಕೆ. ನಕ್ಕ ಬಾಯಿ ಹಾಗೇ ಉಳಿಯಿತು.

“ನಾಲ್ಕು ಹೇಳಿದೆ ಗೌಡರೆ. ಒಂದು ನಿಮಗೆ ಕೇಳಿಸಿರಲಿಕ್ಕಿಲ್ಲ.”

“ಇರುಗು, ಇರುಗು. ನಂಗ ಮುದುಕರ ಕಿವಿ,” ಎಂದು, ಇದ್ದೀತು ಎಂಬಂತೆ ತಲೆಯಾಡಿಸಿ ಮಫ್ಲರ್ ಸುತ್ತಿಕೊಂಡು ಎದ್ದರು.

ಅವರು ಹೋದ ಮೇಲೆ ನಾನು ಸಲೀಮನಿಗೆ ಫೋನ್ ಮಾಡಿದೆ. ಅವನು ನನ್ನ ಬೆನ್ನ ಹಿಂದೆಯೇ ನಿಂತವನು.

“ನಾಲ್ಕೇ ಕಣೋ. ಮತ್ತೆಷ್ಟು?”

“ಎಣಿಸಿದೆಯಾ?”

“ಅದನ್ನು ಎಣಿಸ್ತಾರಾ? ನೀನು ಸಲಾಂ ಕೊಟ್ಟೆ, ಅಂದರೆ ನಾಲ್ಕಾಗಿರಬೇಕು.” ಆಮೇಲೆ ದನಿ ತಗ್ಗಿಸಿದ. “ನಿಜ ಹೇಳಲಾ? ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡಿನ ಗೇಟು ಹಾಕ್ತಾರೆ, ಡ್ರೈವರು ಬೇರೆ ಎಲ್ಲೋ ಊಟಕ್ಕೆ ಹೋಗಿದ್ದ. ಅಷ್ಟರೊಳಗೆ ಹೆಂಗಸರನ್ನ ಕೂರಿಸಿ ಹೊರಡಬೇಕಲ್ಲ ಅಂತ ಯೋಚನೆ ಮಾಡ್ತಿದ್ದೆ. ಬೇಗ ಮುಗೀತಲ್ಲ ಅನಿಸ್ತು. ನಾನೇ ಒಂದು ತಪ್ಪಿಸಿಕೊಂಡೆ ಅಂದ್ಕೊಂಡೆ.”

ಮೊದಲ ಸಾಲಿನ ಇನ್ನೂ ಕೆಲವರನ್ನು ಸುತ್ತು ಬಳಸಿ ಕೇಳಿದೆ. ಒಬ್ಬರ ಕಾಲುಚೀಲ ಒದ್ದೆಯಾಗಿತ್ತು. ಇನ್ನೊಬ್ಬರಿಗೆ ಕೆಮ್ಮು ತಡೆಯುವುದೇ ಕೆಲಸವಾಗಿತ್ತು. ಒಬ್ಬರಂತೂ ಅಬ್ಬಾ ತಮಗೆ ಒಮ್ಮೆ ಬೈದದ್ದನ್ನು ನೆನೆಸಿಕೊಂಡು ಮಾಫ್ ಮಾಡಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದರಂತೆ. ಪ್ರತಿಯೊಬ್ಬರೂ ಬೇಗ ಮುಗಿಯಿತು ಎಂದುಕೊಂಡಿದ್ದಾರೆ; ಪ್ರತಿಯೊಬ್ಬರೂ ಎಣಿಕೆ ತಪ್ಪಿದ್ದು ತಮ್ಮದೇ ಎಂದು ನಾಚಿ ಸುಮ್ಮನಾಗಿದ್ದಾರೆ. ನಲವತ್ತು ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಆ ಬಯಲಿನಲ್ಲಿ ಅಬ್ಬಾನ ನಮಾಜಿಗೆ ಪೂರ್ತಿಯಾಗಿ ಹಾಜರಿದ್ದವರು ನಮಾಜಿನ ಒಂದಕ್ಷರ ತಿಳಿಯದ, ಸಾಲಿನ ಆಚೆ ಮಫ್ಲರ್ ಹಿಡಿದು ನಿಂತಿದ್ದ ಜೋಗಿ ಗೌಡರು ಒಬ್ಬರೇ.

ಶುಕ್ರವಾರ ಜುಮ್ಮಾ ಮುಗಿದು ಜನ ಕರಗಿದ ಮೇಲೆ ಹಜರತ್ತರ ಹತ್ತಿರ ಹೋದೆ. ಅವರು ಮೈಕಿನ ತಂತಿ ಸುತ್ತುತ್ತಿದ್ದರು. ಹೇಳಿದೆ.

“ನಮಾಜು ಮುಗಿದ ಮೇಲೆ ಬಂದ ಅನುಮಾನಕ್ಕೆ ಬೆಲೆಯಿಲ್ಲ,” ಎಂದರು, ತಂತಿಯಿಂದ ಕಣ್ಣೆತ್ತದೆ. “ಶೈತಾನನಿಗೆ ಬೇರೆ ಕೆಲಸ ಏನಿದೆ? ಮನೆಗೆ ಹೋಗು.”

“ನೀವು ನನ್ನ ಹಿಂದೆಯೇ ಇದ್ದಿರಿ ಹಜರತ್. ಎಷ್ಟು ಕೇಳಿಸಿತು?”

ತಂತಿ ಸುತ್ತುವ ಕೈ ನಿಂತಿತು. “ನಾನು ಅಲ್ಲಿರಲಿಲ್ಲ, ಮಿಯಾ.”

ನನಗೆ ಅರ್ಥವಾಗಲಿಲ್ಲ.

“ನನ್ನ ತಂದೆ ತೀರಿಕೊಂಡಾಗ ನಾನು ಈ ಬೆಟ್ಟದ ಮೇಲಿದ್ದೆ. ರಸ್ತೆ ಕುಸಿದು ಬಸ್ಸಿರಲಿಲ್ಲ. ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು. ಅದಾದ ಮೇಲೆ ಯಾರ ಮಯ್ಯತ್ತಿಗೆ ನಿಂತರೂ ಎರಡನೆಯ ತಕ್ಬೀರಿಗೆ ನಾನು ವಾಣಿಯಂಬಾಡಿಯಲ್ಲಿ ಇರುತ್ತೇನೆ. ನಾನೇ ಮುಂದೆ ನಿಂತಾಗ ಬೆರಳು ಮಡಿಸಿಕೊಂಡು ಎಣಿಸುತ್ತೇನೆ. ಮೊನ್ನೆ ನೀನಿದ್ದೆಯಲ್ಲ, ಅದಕ್ಕೇ ಬೆರಳು ಬಿಟ್ಟುಬಿಟ್ಟೆ.”

ಉಳಿದ ತಂತಿಯನ್ನು ಸುತ್ತಿ ಕೆಳಗಿಟ್ಟರು. ಆಮೇಲೆ ಅವರೇ ಹೇಳಿದರು. “ನಿನ್ನ ಮನಸ್ಸು ಮೂರು ಅಂತಲೇ ಹೇಳುತ್ತಿದ್ದರೆ ನಾಳೆ ಬೆಳಿಗ್ಗೆ ಕಬರಿನ ಹತ್ತಿರ ಹೋಗಿ ಇನ್ನೊಂದು ಸಲ ಓದು. ಇದು ಚಳಿ ನೆಲ, ದೇಹ ಇನ್ನೂ ಕೆಟ್ಟಿರಲಿಕ್ಕಿಲ್ಲ, ಹೊತ್ತು ಮೀರಿಲ್ಲ. ಆದರೆ ತಡ ಮಾಡಬೇಡ. ಊರಿಗೆಲ್ಲ ಹೇಳಬೇಡ. ನಾಲ್ಕು ಅನ್ನುವುದು ಮುಖ್ಯ, ಅದನ್ನು ಬಿಡಬೇಡ.”

ಶನಿವಾರ ನಸುಕಿನ ಫಜರ್ ನಮಾಜು ಮುಗಿಸಿ, ಬೆಳಕು ಹರಿದ ಮೇಲೆ ಹತ್ತಿದೆ. ಕಬರಸ್ತಾನ ನೀಲಗಿರಿ ಮರಗಳ ಕೆಳಗಿನ ಇಳಿಜಾರು; ಬೇಲಿಯ ಆಚೆ ಟೀ ಗಿಡ. ಹೊಸ ಮಣ್ಣಿನ ಮೇಲೆ ಇಟ್ಟಿದ್ದ ಹಸಿರು ಟೊಂಗೆ ಬಾಡದೆ, ಮಂಜಿಗೆ ಬರೀ ಕಪ್ಪಾಗಿತ್ತು. ಗಾಳಿ ಇರಲಿಲ್ಲ. ಬೆಳಗಿನ ಹೊತ್ತು ಫ್ಯಾಕ್ಟರಿಯಿಂದ ವಾಸನೆಯೂ ಬರುವುದಿಲ್ಲ. ಅದನ್ನು ನೋಡಿಕೊಂಡೇ ಆ ಹೊತ್ತನ್ನು ಆರಿಸಿದ್ದೆ. ಕಣ್ಣು ಮುಚ್ಚಿ ನಿಂತೆ. ಒಂದು ಎಂದು ಕಿರುಬೆರಳು ಒತ್ತಿದೆ. ಎರಡು ಎಂದು ಅದರ ಪಕ್ಕದ್ದು. ಮೂರು. ಮೂರನ್ನು ಹಿಡಿದುಕೊಂಡೆ; ಚಳಿಗೆ ಮರಗಟ್ಟಿದ ಬೆರಳು ತಾನಾಗಿ ಬಿಚ್ಚೀತೆಂದು ಹೆದರಿ ಉಗುರು ಅಂಗೈಗೆ ನಾಟುವಷ್ಟು ಒತ್ತಿ ಹಿಡಿದೆ. ನಾಲ್ಕು. ಬಲಕ್ಕೆ ಸಲಾಂ, ಎಡಕ್ಕೆ ಸಲಾಂ. ಕಣ್ಣು ಬಿಟ್ಟು ಅಂಗೈ ನೋಡಿದೆ. ನಾಲ್ಕು ಬೆರಳೂ ಮಡಚಿದ್ದವು. ನನ್ನ ಬದುಕಿನಲ್ಲಿ ಇಷ್ಟು ಅಲುಗಾಡದ ನಮಾಜನ್ನು ನಾನು ಓದಿರಲಿಲ್ಲ.

ಇಳಿದು ರಸ್ತೆಗೆ ಬಂದಾಗ ಸೊಪ್ಪಿನ ಶೆಡ್ಡಿನಲ್ಲಿ ಜೋಗಿ ಗೌಡರು ಎರಡು ಮೂಟೆ ಇಟ್ಟುಕೊಂಡು ಲಾರಿಗೆ ಕಾಯುತ್ತಿದ್ದರು.

“ಏನ ತಮ್ಮ, ಇಷ್ಟು ಬೇಗ? ಅಪ್ಪನ ನೋಡಿ ಬಂದೆಯಾ?”

“ಹೌದು ಗೌಡರೆ. ಒಂದು ನಮಾಜು ಬಾಕಿ ಇತ್ತು.”

ಅವರು ಮೂರು, ನಾಲ್ಕು ಎಂದು ಏನೂ ಎತ್ತಲಿಲ್ಲ. ತಲೆಯಾಡಿಸಿ, ಪಕ್ಕದಲ್ಲಿ ಜಾಗ ಬಿಟ್ಟರು. “ನಂಗಳ ಹಟ್ಟಿಲಿ ಸತ್ತವನ ಪಾಪ ಎಲ್ಲಾ ಒಂದೊಂದಾಗಿ ಹೇಳಿ, ಹೋಗಲಿ ಹೋಗಲಿ ಅಂತ ಎಲ್ಲಾರೂ ಕೇಳುವದು. ಹಾವು ಕೊಂದ ಪಾಪ, ಅಕ್ಕಪಕ್ಕದವನ ಜೊತೆ ಜಗಳ ಆಡಿದ ಪಾಪ. ನಿಂಗಳಲ್ಲಿ ಹೇಗೆ? ಅಪ್ಪಗ ಏನ ಕೇಳಿದೆ?”

ನಾನು ಬಾಯಿ ತೆರೆದೆ. ಮೂರನೆಯ ತಕ್ಬೀರಿನ ನಂತರ ಕೇಳಬೇಕಾದ್ದು ಅದೇ. ಬದುಕಿರುವವರನ್ನೂ ಸತ್ತವರನ್ನೂ, ಇಲ್ಲಿರುವವರನ್ನೂ ಇಲ್ಲದವರನ್ನೂ ಕ್ಷಮಿಸು ಎಂಬ ಆ ದುಆ ನನಗೆ ಏಳನೆಯ ವಯಸ್ಸಿನಿಂದ ಬಾಯಿಗೆ ಬರುತ್ತದೆ. ಬೆಟ್ಟದ ಮೇಲೆ ಅದರ ಒಂದು ಪದವನ್ನೂ ನಾನು ಹೇಳಿರಲಿಲ್ಲ. ಮೂರು ಜಾರದಂತೆ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ಅಲ್ಲಿ ನಿಂತ ಅಷ್ಟೂ ಹೊತ್ತು ಅಬ್ಬಾನ ಮುಖ ಒಂದು ಸಲವೂ ಎದುರಿಗೆ ಬಂದಿರಲಿಲ್ಲ.

“ಕ್ಷಮೆ ಕೇಳಿದೆ,” ಎಂದೆ.

“ಅದೇ ತಕ್ಕ,” ಎಂದರು ಗೌಡರು. “ಅವಗ ಪಾಪ ಜಾಸ್ತಿ ಇಲ್ಲೆ. ನನ್ನ ಸೊಪ್ಪ ತಳ್ಳಿದ್ದು ಒಂದು. ಅದ ನಾ ಬಿಟ್ಟೆ.”

ಮತ್ತೆ ಹತ್ತಿ ಹೋಗಬೇಕೆನಿಸಿತು. ಆದರೆ ಕಬರಸ್ತಾನಕ್ಕೆ ಇರುವ ದಾರಿ ಒಂದೇ, ಅದು ಶೆಡ್ಡಿನ ಮುಂದೆಯೇ ಹೋಗುತ್ತದೆ. ಕೇಳಿದೆ ಎಂದು ಈಗಷ್ಟೇ ಹೇಳಿದವನು ಅದೇ ಮನುಷ್ಯನ ಕಣ್ಣೆದುರು ಮತ್ತೆ ಕೇಳಲು ಹೇಗೆ ಹೋಗಲಿ? ಲಾರಿ ಬಂದು ಅವರು ಹೊರಡಲಿ, ಆಮೇಲೆ ಹೋದರಾಯಿತು ಎಂದು ಪಕ್ಕದಲ್ಲೇ ಕೂತೆ. ಅವರು ಮಳೆ, ಕಾಡೆಮ್ಮೆ, ಮೊಮ್ಮಗಳ ಮದುವೆ ಎಂದು ಮಾತಾಡುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ಕಾಲೇಜಿಗೆ ರಜೆ ಮುಗಿದಿತ್ತು, ಹತ್ತಕ್ಕೆ ತರಗತಿ. ಮೊದಲು ಬಂದದ್ದು ಲಾರಿಯಲ್ಲ, ಊಟಿಯ ಬಸ್ಸು.

ದುಆಗೆ ಜಾಗದ ಕಟ್ಟಳೆ ಇಲ್ಲ, ಬಸ್ಸಿನಲ್ಲಿ ಕೂತೇ ಕೇಳಬಹುದಲ್ಲ ಎಂದು ನೀವು ಹೇಳುತ್ತೀರಿ. ಕೇಳಿದೆ. ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿ, ಅರಬ್ಬಿಯಲ್ಲಿ ಅಲ್ಲ, ಮನೆಯ ಮಾತಿನಲ್ಲಿ ಶುರುಮಾಡಿದೆ. “ಎಂಗೆ ಸಾರ್?” ಎಲ್ಲಿಗೆ ಎಂದು ಕಂಡಕ್ಟರ್ ಹೆಗಲು ತಟ್ಟಿದ. ಊಟಿ ಎಂದು ಟಿಕೆಟ್ ತೆಗೆದುಕೊಂಡೆ. ಮತ್ತೆ ಕಣ್ಣು ಮುಚ್ಚಿದಾಗ ಅಬ್ಬಾಗಾಗಿ ಎಲ್ಲಿಯವರೆಗೆ ಕೇಳಿದ್ದೆ ಎಂಬುದು ನೆನಪಿಗೆ ಬರಲಿಲ್ಲ. ಮೊದಲಿನಿಂದ ಶುರುಮಾಡಿದೆ.